ಬೆಂಗಳೂರಿನ ಎಸ್‌ಯುವಿಗೆ ಯಾವ ಟೈರ್: ವಿಂಟರ್, ಆಲ್ ಸೀಸನ್, ಹೈವೇ, ಆಲ್ ಟೆರೇನ್

ಟೈರ್ ಅಂಗಡಿಯ ಕೌಂಟರಿನಲ್ಲಿ ಎರಡು ಹೆಸರು ಸದಾ ಅದಲುಬದಲಾಗುತ್ತವೆ: ಆಲ್ ಸೀಸನ್ ಮತ್ತು ಆಲ್ ಟೆರೇನ್. ಕೇಳಲು ಒಂದೇ ಥರ ಇದ್ದರೂ ಮೊದಲನೆಯದು ಹವೆಗೆ ಸಂಬಂಧಿಸಿದ್ದು, ಎರಡನೆಯದು ನೆಲಕ್ಕೆ. ‘ಎಲ್ಲ ಕಾಲಕ್ಕೂ ಆಗುವಂಥದ್ದು ಕೊಡಿ’ ಎಂದು ಕೇಳಿ ಜೆ.ಸಿ. ರಸ್ತೆಯಲ್ಲಿ ಆಲ್ ಟೆರೇನ್ ಹಾಕಿಸಿಕೊಂಡು ಬಂದವರಿಗೆ, ಮಾರನೆಯ ದಿನ ನೈಸ್ ರಸ್ತೆಯಲ್ಲಿ ವೇಗ 80 ದಾಟಿ ಕಾರಿನೊಳಗೆಲ್ಲ ಗುಂಯ್‌ಗುಡುವ ಸದ್ದು ತುಂಬಿದಾಗ ವ್ಯತ್ಯಾಸ ತಿಳಿಯುತ್ತದೆ. ಅಷ್ಟರಲ್ಲಿ ದುಡ್ಡು ಕೊಟ್ಟಾಗಿರುತ್ತದೆ.

ಹಾಗಾಗಿ ಮೊದಲೇ ಹೇಳಿಬಿಡೋಣ. ಬೆಂಗಳೂರಿನಲ್ಲಿ ಎಸ್‌ಯುವಿ ಓಡಿಸುವವರಿಗೆ ಚಳಿ ಒಂದು ಸಮಸ್ಯೆಯೇ ಅಲ್ಲ. ಸಮಸ್ಯೆ ಇರುವುದು ಒದ್ದೆ ರಸ್ತೆಯಲ್ಲಿ, ಗುಂಡಿಗಳಲ್ಲಿ, ಆಗೊಮ್ಮೆ ಈಗೊಮ್ಮೆ ಮಲೆನಾಡಿನ ಕೆಸರಿನಲ್ಲಿ. ಟೈರಿನ ಆಯ್ಕೆಯನ್ನು ಈ ಮೂರರಿಂದ, ಇದೇ ಕ್ರಮದಲ್ಲಿ ಶುರು ಮಾಡಬೇಕು.

ವಿಂಟರ್ ಟೈರ್ ಇಲ್ಲಿ ಯಾಕೆ ಬೇಡ

ರಬ್ಬರ್ ತಣ್ಣಗಾದಷ್ಟೂ ಬಿಗಿಯಾಗುತ್ತದೆ. ನಮ್ಮ ಗಾಡಿಗಳಲ್ಲಿರುವ ಸಾಮಾನ್ಯ ಟೈರು, ಯುರೋಪಿನವರು ಸಮ್ಮರ್ ಟೈರ್ ಎಂದು ಕರೆಯುವ ಜಾತಿಯದು. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿದರೆ ಅದು ಗಟ್ಟಿಯಾಗಿ, ಡಾಂಬರಿನ ಸಣ್ಣ ಸಣ್ಣ ಏರುತಗ್ಗುಗಳಿಗೆ ಒತ್ತಿ ಕೂರುವುದನ್ನು ಬಿಡುತ್ತದೆ. ವಿಂಟರ್ ಟೈರಿನ ರಬ್ಬರನ್ನು ಆ ಚಳಿಯಲ್ಲೂ ಮೆತ್ತಗಿರುವಂತೆ ಬೆರೆಸಿರುತ್ತಾರೆ. ಜೊತೆಗೆ ಟ್ರೆಡ್ಡಿನ, ಅಂದರೆ ನೆಲಕ್ಕೆ ತಾಗುವ ಹೊರಪದರದ, ಒಂದೊಂದು ಬಿಲ್ಲೆಯ ಮೇಲೂ ಬ್ಲೇಡಿನಲ್ಲಿ ಗೀರಿದ ಹಾಗೆ ಸಣ್ಣ ಸೀಳುಗಳಿರುತ್ತವೆ. ಹಿಮ ಆ ಸೀಳುಗಳೊಳಗೆ ಸಿಕ್ಕಿಕೊಂಡು ಕೆಳಗಿನ ಹಿಮಕ್ಕೆ ಕಚ್ಚಿಕೊಳ್ಳುತ್ತದೆ, ಗಾಡಿ ನಿಲ್ಲುವುದು ಅದರಿಂದ.

ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅಂದರೆ ವಿಂಟರ್ ಟೈರಿಗೆ ಕೆಲಸ ಶುರುವಾಗುವ ಗಡಿಯನ್ನು ಈ ಊರು ಒಮ್ಮೆಯೂ ಮುಟ್ಟಿಲ್ಲ. ಬೇಸಿಗೆಯ ಕಥೆ ಇನ್ನೊಂದು ಕಡೆಗಿದೆ: 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತ್ತು. ಗಾಳಿಯ ಬಿಸಿ ಅಷ್ಟಿದ್ದಾಗ ಡಾಂಬರಿನ ಬಿಸಿ ಅದಕ್ಕಿಂತ ಬಹಳ ಮೇಲಿರುತ್ತದೆ. ಆ ನೆಲದ ಮೇಲೆ ವಿಂಟರ್ ಟೈರಿನ ಮೆತ್ತನೆಯ ಬಿಲ್ಲೆಗಳು ಬ್ರೇಕ್ ಹಿಡಿದಾಗ ಮುಂದಕ್ಕೆ ಬಾಗುತ್ತವೆ, ತಿರುವಿನಲ್ಲಿ ಪಕ್ಕಕ್ಕೆ ಹೊರಳುತ್ತವೆ. ಗಾಡಿ ನಿಲ್ಲಲು ಹೆಚ್ಚು ದೂರ ತೆಗೆದುಕೊಳ್ಳುತ್ತದೆ, ಸ್ಟೀರಿಂಗ್ ಸಡಿಲವಾದಂತೆ ಅನ್ನಿಸುತ್ತದೆ, ಟ್ರೆಡ್ ಬೇಗ ಸವೆಯುತ್ತದೆ. ‘ಹೆಚ್ಚು ಮೆತ್ತಗೆ ಅಂದರೆ ಹೆಚ್ಚು ಗ್ರಿಪ್’ ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ವಿದೇಶದಿಂದ ಬಂದ ಸೆಕೆಂಡ್‌ಹ್ಯಾಂಡ್ ಟೈರುಗಳಲ್ಲಿ ವಿಂಟರ್ ಟೈರೂ ಸೇರಿಕೊಂಡಿರಬಹುದು. ಟೈರಿನ ಪಕ್ಕೆಯ (ಸೈಡ್‌ವಾಲ್) ಮೇಲೆ ಹಿಮಹರಳಿನ ಚಿತ್ರವಿದ್ದು ಟ್ರೆಡ್ ತುಂಬ ಅಲೆಅಲೆಯ ಸಣ್ಣ ಸೀಳುಗಳಿದ್ದರೆ, ಎಷ್ಟೇ ಅಗ್ಗವಾಗಿದ್ದರೂ ಬಿಟ್ಟು ಬನ್ನಿ.

ಆಲ್ ಸೀಸನ್ ಎಂಬುದು ನಡುವಿನ ದಾರಿ. ಉತ್ತರ ಅಮೆರಿಕದಲ್ಲಿ ಬಹುಪಾಲು ಕಾರುಗಳು ಕಾರ್ಖಾನೆಯಿಂದ ಹೊರಬರುವುದೇ ಇದರ ಮೇಲೆ. ಸ್ವಲ್ಪ ಚಳಿ, ಸ್ವಲ್ಪ ಹಿಮ, ಸ್ವಲ್ಪ ಬೇಸಿಗೆ ಎಲ್ಲವನ್ನೂ ತಡೆದುಕೊಳ್ಳುತ್ತದೆ, ಯಾವುದರಲ್ಲೂ ಮೊದಲ ದರ್ಜೆಯದಲ್ಲ. ಇದರ ಪಕ್ಕೆಯ ಮೇಲೆ ಎರಡು ಬಗೆಯ ಗುರುತು ಇರಬಹುದು, ಎರಡರ ತೂಕ ಬೇರೆ ಬೇರೆ. ‘ಎಂ+ಎಸ್’ ಎಂದರೆ ಕೆಸರು ಮತ್ತು ಹಿಮ. ಟ್ರೆಡ್ಡಿನ ವಿನ್ಯಾಸ ನೋಡಿ ತಯಾರಕರೇ ಒತ್ತಿಕೊಳ್ಳುವ ಅಚ್ಚು ಅದು, ಹಿಮದ ಮೇಲೆ ಯಾವ ಪರೀಕ್ಷೆಯನ್ನೂ ಅದು ಕೇಳುವುದಿಲ್ಲ. ಮೂರು ಶಿಖರದ ಬೆಟ್ಟದೊಳಗೆ ಹಿಮಹರಳು ಇರುವ ಚಿತ್ರವೇ ನಿಜವಾದ ಗುರುತು. ಒತ್ತಿದ ಹಿಮದ ಮೇಲೆ ಪರೀಕ್ಷೆ ಮಾಡಿ ತೇರ್ಗಡೆಯಾದ ಟೈರಿಗೆ ಮಾತ್ರ ಅದು ಸಿಗುತ್ತದೆ. ಜರ್ಮನಿಯಂತೂ 2024ರ ಅಕ್ಟೋಬರ್‌ನಿಂದ ಬರೀ ಎಂ+ಎಸ್ ಇರುವ ಟೈರನ್ನು ಚಳಿಗಾಲದ ಟೈರೆಂದು ಒಪ್ಪುವುದನ್ನೇ ನಿಲ್ಲಿಸಿತು.

ನಮ್ಮಲ್ಲಿ ಎಸ್‌ಯುವಿಗೆ ಮಾರುವ ಎಷ್ಟೋ ಹೈವೇ ಟೈರುಗಳ ಮೇಲೂ ಎಂ+ಎಸ್ ಅಚ್ಚಿರುತ್ತದೆ. ‘ಇದು ಆಲ್ ಸೀಸನ್ ಸಾರ್, ಸ್ವಲ್ಪ ರೇಟ್ ಜಾಸ್ತಿ’ ಎಂದರೆ, ಆ ಅಚ್ಚಿಗಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಾಗಿಲ್ಲ.

ಬೆಂಗಳೂರಿನಲ್ಲಿ ನಿಜವಾಗಿ ಮುಂದಿರುವ ಆಯ್ಕೆ

ಅದು ಮೂರು ಬಗೆ: ಹೈವೇ ಟೆರೇನ್ ಅಂದರೆ ಎಚ್.ಟಿ., ಆಲ್ ಟೆರೇನ್ ಅಂದರೆ ಎ.ಟಿ., ಮಡ್ ಟೆರೇನ್ ಅಂದರೆ ಎಂ.ಟಿ.

ಎಚ್.ಟಿ. ಟೈರನ್ನು ಮುಂದಿಟ್ಟುಕೊಂಡು ನೋಡಿ. ಸುತ್ತಲೂ ಉದ್ದಕ್ಕೆ ಸಾಗುವ ಮೂರೋ ನಾಲ್ಕೋ ಆಳದ ಕಾಲುವೆಗಳು, ಅವುಗಳ ನಡುವೆ ಹೆಚ್ಚುಕಡಿಮೆ ಮುರಿಯದ ರಬ್ಬರ್ ಪಟ್ಟಿಗಳು. ಕಾಲುವೆ ನೀರನ್ನು ಹಿಂದಕ್ಕೆ ಸಾಗಿಸುತ್ತದೆ, ಪಟ್ಟಿ ನೆಲವನ್ನು ಬಿಡದೆ ಮುಟ್ಟಿಕೊಂಡಿರುತ್ತದೆ. ಹೊಸದರಲ್ಲಿ ಟ್ರೆಡ್ಡಿನ ಆಳ ಸುಮಾರು 8 ಮಿ.ಮೀ. ಸದ್ದು ಕಡಿಮೆ, ಹಗುರ, ಮೈಲೇಜ್ ಚೆನ್ನಾಗಿ ಸಿಗುತ್ತದೆ. ಕ್ರೆಟಾ, ಸೆಲ್ಟೋಸ್, ಗ್ರ್ಯಾಂಡ್ ವಿಟಾರಾ, ಹ್ಯಾರಿಯರ್, ಎಕ್ಸ್‌ಯುವಿ700 ಇವೆಲ್ಲ ಷೋರೂಮಿನಿಂದ ಹೊರಬರುವುದು ಈ ಬಗೆಯ ರಸ್ತೆ ಟೈರಿನ ಮೇಲೆಯೇ.

ಎ.ಟಿ. ಟೈರಿನಲ್ಲಿ ಆ ಪಟ್ಟಿಗಳನ್ನು ತುಂಡರಿಸಿ ಬಿಲ್ಲೆಗಳಾಗಿ ಮಾಡಿರುತ್ತಾರೆ, ನಡುವೆ ಜಾಗ ಬಿಟ್ಟಿರುತ್ತಾರೆ, ಅಂಚಿನ ಬಿಲ್ಲೆಗಳು ಪಕ್ಕೆಯ ಮೇಲೂ ಸ್ವಲ್ಪ ಇಳಿದಿರುತ್ತವೆ. ಆಳ 10ರಿಂದ 12 ಮಿ.ಮೀ. ಆಸುಪಾಸು. ಜಲ್ಲಿ, ಸಡಿಲ ಮಣ್ಣು, ಹದವಾದ ಕೆಸರಿನಲ್ಲಿ ಬಿಲ್ಲೆಯ ಅಂಚುಗಳು ಕಚ್ಚುತ್ತವೆ. ಚೂಪು ಕಲ್ಲಿಗೆ ಬೇಗ ಹರಿಯುವುದಿಲ್ಲ. ಇದಕ್ಕೆ ಕೊಡುವ ಬೆಲೆಯೂ ಇದೆ. ಒಂದೊಂದು ಟೈರ್ ಕೆಲವು ಕಿಲೋ ಹೆಚ್ಚು ತೂಗುತ್ತದೆ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ನಿಂತು ಹೊರಡುವ ನಗರದ ಓಡಾಟದಲ್ಲಿ ಆ ತೂಕವನ್ನು ಪ್ರತಿ ಸಲವೂ ಹೊಸದಾಗಿ ತಿರುಗಿಸಬೇಕು, ಹಾಗಾಗಿ ಮೈಲೇಜ್ ಇಳಿಯುತ್ತದೆ. ಬಿಲ್ಲೆ ಒಂದೊಂದಾಗಿ ನೆಲಕ್ಕೆ ಬಡಿಯುವುದರಿಂದ ಸದ್ದು. ವೈಟ್ ಟಾಪಿಂಗ್ ಆದ ಕಾಂಕ್ರೀಟ್ ರಸ್ತೆಯ ಮೇಲೆ ಅದು ಇನ್ನೂ ಜೋರು. ಎಲ್ಲಕ್ಕಿಂತ ಮುಖ್ಯವಾಗಿ, ನೆಲಕ್ಕೆ ತಾಗುವ ರಬ್ಬರ್ ಕಡಿಮೆಯಾಗುವುದರಿಂದ ಒದ್ದೆ ಡಾಂಬರಿನ ಮೇಲೆ ಬ್ರೇಕ್ ಹಿಡಿದಾಗ ಹೆಚ್ಚಿನ ಎ.ಟಿ. ಟೈರುಗಳು ಅದೇ ದರ್ಜೆಯ ಒಳ್ಳೆಯ ಎಚ್.ಟಿ.ಗಿಂತ ಹಿಂದೆ ಬೀಳುತ್ತವೆ. ಗಟ್ಟಿಮುಟ್ಟಾಗಿ ಕಾಣುವ ಟೈರೇ ಮಳೆಯಲ್ಲೂ ಗಟ್ಟಿ ಹಿಡಿಯುತ್ತದೆ ಎಂಬ ನಂಬಿಕೆ ಬಹಳ ಮಂದಿಗಿದೆ. ಡಾಂಬರಿನ ಮಟ್ಟಿಗೆ ಅದು ತಪ್ಪು.

ಎಂ.ಟಿ. ಬಗ್ಗೆ ಹೆಚ್ಚು ಹೇಳುವುದಿಲ್ಲ. ದೊಡ್ಡ ಬಿಲ್ಲೆ, ಅಗಲ ಸಂದು, ಕೆಸರನ್ನು ತಾನೇ ಕೊಡವಿಕೊಳ್ಳುವ ವಿನ್ಯಾಸ. ವಾರಾಂತ್ಯದ ಆಫ್‌ರೋಡ್ ಸ್ಪರ್ಧೆಗೆಂದೇ ಇಟ್ಟ ಗಾಡಿಗೆ ಸರಿ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಮಳೆಯಲ್ಲಿ ಔಟರ್ ರಿಂಗ್ ರೋಡಿನಲ್ಲಿ ಓಡಿಸುವ ಗಾಡಿಗೆ ಬೇಡ.

ಕೆಸರಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ಕಾಫಿ ತೋಟದ ದಾರಿಯಲ್ಲಿ ಜುಲೈ ತಿಂಗಳಲ್ಲಿ ಸಿಗುವುದು ಅಂಟು ಕೆಂಪು ಮಣ್ಣು. ಎಚ್.ಟಿ. ಟೈರ್ ಅದರಲ್ಲಿ ನಾಲ್ಕು ಸುತ್ತು ಉರುಳುವಷ್ಟರಲ್ಲಿ ಕಾಲುವೆಗಳೆಲ್ಲ ಮೆತ್ತಿಕೊಂಡು, ಟೈರು ರೊಟ್ಟಿ ಲಟ್ಟಿಸುವ ಲಟ್ಟಣಿಗೆಯಂತೆ ನುಣ್ಣಗಾಗುತ್ತದೆ. ಆಮೇಲೆ ಆಕ್ಸಲರೇಟರ್ ಒತ್ತಿದಷ್ಟೂ ಚಕ್ರ ನಿಂತಲ್ಲೇ ತಿರುಗುತ್ತದೆ. ಎ.ಟಿ. ಇದನ್ನು ತಡವಾಗಿಸುತ್ತದೆಯೇ ಹೊರತು ಪೂರ್ತಿ ತಪ್ಪಿಸುವುದಿಲ್ಲ, ಯಾಕೆಂದರೆ ಅದರ ಸಂದೂ ಕೊನೆಗೆ ಮೆತ್ತಿಕೊಳ್ಳುತ್ತದೆ. ಅಲ್ಲಿ ನೆರವಿಗೆ ಬರುವುದು ಗಾಳಿ ಇಳಿಸುವುದು. 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇರುವ ಟೈರನ್ನು 22ಕ್ಕೆ ಇಳಿಸಿದರೆ ನೆಲ ಮುಟ್ಟುವ ಭಾಗ ಉದ್ದವಾಗುತ್ತದೆ, ಗಾಡಿ ಎಚ್.ಟಿ.ಯಲ್ಲೂ ಎಷ್ಟೋ ಸಲ ಮೇಲೇಳುತ್ತದೆ. ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿಸಲೇಬೇಕು, ಹಾಗಾಗಿ ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಚುಚ್ಚುವ ಸಣ್ಣ ಕಂಪ್ರೆಸರ್ ಡಿಕ್ಕಿಯಲ್ಲಿರಲಿ. ವರ್ಷಕ್ಕೆ ಎರಡು ಸಲ ತೋಟಕ್ಕೆ ಹೋಗುವವರಿಗೆ ನಾಲ್ಕು ಎ.ಟಿ. ಟೈರಿಗಿಂತ ಈ ಕಂಪ್ರೆಸರ್ ಒಳ್ಳೆಯ ಖರ್ಚು.

ಒದ್ದೆ ರಸ್ತೆ

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಈ ಊರಿನಲ್ಲಿ ಟೈರು ಜೀವ ಉಳಿಸುವುದು ಅಥವಾ ತೆಗೆಯುವುದು ಒದ್ದೆ ರಸ್ತೆಯಲ್ಲೇ.

ಬೆಂಗಳೂರಿನ ಮಳೆ ಏಪ್ರಿಲ್, ಮೇ ಸಂಜೆಗಳಲ್ಲಿ ಒಮ್ಮೆ, ಮತ್ತೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಜೋರಾಗಿ ಬರುತ್ತದೆ. ಬೇಸಿಗೆಯ ಮೊದಲ ಮಳೆಯ ಮೊದಲ ಹದಿನೈದು ನಿಮಿಷ ಎಲ್ಲಕ್ಕಿಂತ ಅಪಾಯದ ಹೊತ್ತು. ತಿಂಗಳುಗಟ್ಟಲೆ ರಸ್ತೆಯ ಮೇಲೆ ಕೂತ ಎಣ್ಣೆ, ಡೀಸೆಲ್ ಹನಿ, ರಬ್ಬರ್ ಪುಡಿ, ಧೂಳು ನೀರಿನ ಜೊತೆ ಕಲಸಿಕೊಂಡು ಸಾಬೂನಿನಂತೆ ಜಾರುತ್ತವೆ. ಆಮೇಲೆ ಮಳೆ ಬಲವಾದಾಗ ಇನ್ನೊಂದು ಅಪಾಯ: ನಿಂತ ನೀರಿನ ಮೇಲೆ ಟೈರು ತೇಲುವುದು. ಕಾಲುವೆಗಳು ಹೊರಹಾಕುವುದಕ್ಕಿಂತ ಹೆಚ್ಚು ನೀರು ಎದುರಾದಾಗ ಟೈರು ನೀರಿನ ಮೇಲೆ ಏರಿ ಕೂರುತ್ತದೆ. ಸ್ಟೀರಿಂಗ್ ಒಮ್ಮೆಗೇ ಹಗುರಾಗುತ್ತದೆ, ಬ್ರೇಕ್ ಒತ್ತಿದರೆ ಏನೂ ಆಗುವುದಿಲ್ಲ.

ನಾಸಾದ ಸಂಶೋಧಕರು 1960ರ ದಶಕದಲ್ಲಿ ವಿಮಾನದ ಟೈರುಗಳಿಗಾಗಿ ಕಂಡುಕೊಂಡ ಒಂದು ಸರಳ ಸೂತ್ರವಿದೆ: ಟೈರು ತೇಲಲು ಶುರುವಾಗುವ ವೇಗ ಅದರೊಳಗಿನ ಗಾಳಿಯ ಒತ್ತಡದ ವರ್ಗಮೂಲವನ್ನು ಅವಲಂಬಿಸುತ್ತದೆ. ಕಾಲುವೆ ತುಂಬಿ ಮೀರುವಷ್ಟು ನೀರಿದ್ದಾಗ, ಆ ಸೂತ್ರದಂತೆ 33 ಪಿಎಸ್‌ಐ ಇರುವ ಟೈರಿಗೆ ಅದು ಗಂಟೆಗೆ ಸುಮಾರು 95 ಕಿ.ಮೀ. ಅದೇ ಟೈರಿನಲ್ಲಿ ಗಾಳಿ 25ಕ್ಕೆ ಇಳಿದಿದ್ದರೆ ಸುಮಾರು 83 ಕಿ.ಮೀ. ಕಾರಿನ ಟೈರಿಗೆ ಇದು ಅಂದಾಜು ಅಳತೆ, ಆದರೆ ದಿಕ್ಕು ಸರಿಯಾಗಿದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಮಿತಿ 100. ಆ ವೇಗದಲ್ಲಿ ಸವೆದ ಟೈರು, ಕಡಿಮೆ ಗಾಳಿ, ರಸ್ತೆಯ ತಗ್ಗಿನಲ್ಲಿ ನಿಂತ ನೀರು ಮೂರೂ ಒಟ್ಟಿಗೆ ಸಿಕ್ಕರೆ ಏನಾಗುತ್ತದೆಂದು ಲೆಕ್ಕ ಹಾಕಿಕೊಳ್ಳಿ.

ಟ್ರೆಡ್ ಕಾಲುವೆಯೊಳಗೆ ಅಡ್ಡಕ್ಕೆ ಸಣ್ಣ ರಬ್ಬರ್ ದಿಂಡುಗಳಿರುತ್ತವೆ, 1.6 ಮಿ.ಮೀ. ಎತ್ತರಕ್ಕೆ. ಟ್ರೆಡ್ ಸವೆದು ಅವುಗಳ ಮಟ್ಟಕ್ಕೆ ಬಂದರೆ ಕಾನೂನಿನ ಲೆಕ್ಕದಲ್ಲೂ ಟೈರು ಮುಗಿಯಿತು. ಆದರೆ ಮಳೆಯ ಲೆಕ್ಕದಲ್ಲಿ ಅದಕ್ಕಿಂತ ಮೊದಲೇ ಮುಗಿದಿರುತ್ತದೆ. 3 ಮಿ.ಮೀ. ಉಳಿದಾಗಲೇ ಬದಲಿಸಿ, ಅದರಲ್ಲೂ ಮೇ ತಿಂಗಳು ಹತ್ತಿರವಿದ್ದರೆ. ಆಳ ಅಳೆಯುವ ಗೇಜ್ ದುಬಾರಿಯಲ್ಲ. ಒಂದೇ ಕಡೆ ಚುಚ್ಚಿ ನೋಡಬೇಡಿ, ಒಳಂಚು, ನಡು, ಹೊರಂಚು ಮೂರೂ ಕಡೆ ಅಳೆಯಿರಿ. ನಡು ಹೆಚ್ಚು ಸವೆದಿದ್ದರೆ ಗಾಳಿ ಜಾಸ್ತಿ ಹಾಕಿಸುತ್ತಿದ್ದೀರಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಹೊಸ ಟೈರ್ ಹಾಕಿದರೂ ಅದೇ ಗತಿ. ಅಂಗೈಯನ್ನು ಟ್ರೆಡ್ ಮೇಲೆ ಅಡ್ಡಕ್ಕೆ ಸವರಿ: ಒಳಗಿನಿಂದ ಹೊರಕ್ಕೆ ನುಣುಪಾಗಿ, ಹೊರಗಿನಿಂದ ಒಳಕ್ಕೆ ಗರಗಸದ ಹಲ್ಲಿನಂತೆ ತಾಗಿದರೆ ಟೋ ಕೋನ, ಅಂದರೆ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಕೆಟ್ಟಿದೆ ಎಂದರ್ಥ. ಕಣ್ಣಿಗೆ ಕಾಣುವುದಕ್ಕೂ ಮೊದಲೇ ಕೈಗೆ ಗೊತ್ತಾಗುತ್ತದೆ.

ಹೊಸ ಟೈರಿನ ಒದ್ದೆ ಹಿಡಿತವನ್ನು ತಿಳಿಯುವುದು ಹೇಗೆ? ಪಕ್ಕೆಯ ಮೇಲೆ ‘ಟ್ರ್ಯಾಕ್ಷನ್’ ಎಂಬ ಪದದ ಮುಂದೆ ಎಎ, ಎ, ಬಿ, ಸಿ ದರ್ಜೆ ಇದ್ದರೆ, ಅದು ಅಮೆರಿಕದ ಪದ್ಧತಿಯಲ್ಲಿ ಒದ್ದೆ ನೆಲದ ಮೇಲೆ ನೇರ ಬ್ರೇಕಿನ ದರ್ಜೆ. ಎ ಅಥವಾ ಎಎ ನೋಡಿಕೊಳ್ಳಿ. ಯುರೋಪಿನಲ್ಲೂ ಮಾರುವ ಮಾದರಿಯಾದರೆ ಅಲ್ಲಿನ ಲೇಬಲ್ಲಿನಲ್ಲಿ ಒದ್ದೆ ಹಿಡಿತಕ್ಕೆ ಎ ಯಿಂದ ಇ ವರೆಗೆ ದರ್ಜೆ ಸಿಗುತ್ತದೆ, ನಿಮ್ಮ ಅಳತೆಯನ್ನೇ ಹಾಕಿ ಹುಡುಕಿ. ನಮ್ಮ ದೇಶದ ಬಿಇಇ (ಇಂಧನ ದಕ್ಷತಾ ಬ್ಯೂರೊ) ಸ್ಟಾರ್ ಗುರುತು ಮುಖ್ಯವಾಗಿ ಹೇಳುವುದು ಉರುಳುವಾಗಿನ ಪ್ರತಿರೋಧವನ್ನು, ಅಂದರೆ ಇಂಧನ ಉಳಿತಾಯವನ್ನು. ಐದು ಸ್ಟಾರ್ ಎಂದರೆ ಮಳೆಯಲ್ಲೂ ಐದು ಸ್ಟಾರ್ ಎಂದು ತಿಳಿಯಬೇಡಿ. ‘ಟ್ರೆಡ್‌ವೇರ್’ ಅಂಕಿ ಬಹಳ ಹೆಚ್ಚಿರುವ ಟೈರು ಹೆಚ್ಚು ದಿನ ಬಾಳುತ್ತದೆ, ಆದರೆ ಬಾಳಿಕೆಗೆಂದು ಗಟ್ಟಿ ಮಾಡಿದ ರಬ್ಬರ್ ಒದ್ದೆಯಲ್ಲಿ ಎಷ್ಟೋ ಸಲ ಹಿಂದೆ ಬೀಳುತ್ತದೆ. ಒಂದೇ ದರದ ಎರಡು ಟೈರುಗಳ ನಡುವೆ ಆರಿಸಬೇಕಾದಾಗ, ಹತ್ತು ಸಾವಿರ ಕಿ.ಮೀ. ಕಡಿಮೆ ಬಾಳಿದರೂ ಪರವಾಗಿಲ್ಲ, ಒದ್ದೆ ಹಿಡಿತ ಚೆನ್ನಾಗಿರುವುದನ್ನು ತೆಗೆದುಕೊಳ್ಳಿ ಎಂದೇ ನಮ್ಮ ಸಲಹೆ.

ಗುಂಡಿ, ಪಕ್ಕೆ, ಅಳತೆ

ಗುಂಡಿಗೆ ಬಿದ್ದಾಗ ಟೈರಿನ ಪಕ್ಕೆ ಗುಂಡಿಯ ಅಂಚು ಮತ್ತು ರಿಮ್ಮಿನ ನಡುವೆ ಅಡಕತ್ತರಿಗೆ ಸಿಕ್ಕ ಅಡಿಕೆಯಂತಾಗುತ್ತದೆ. ಒಳಗಿನ ನೂಲಿನ ಎಳೆಗಳು ತುಂಡಾಗುತ್ತವೆ, ಕೆಲವು ದಿನಗಳಲ್ಲಿ ಅಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು ಏಳುತ್ತದೆ. ಅದಕ್ಕೆ ರಿಪೇರಿ ಇಲ್ಲ. ‘ಒಳಗಿನಿಂದ ಪ್ಯಾಚ್ ಹಾಕಿಕೊಡ್ತೀನಿ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಉಬ್ಬಿದ ಟೈರು ಹೆದ್ದಾರಿಯಲ್ಲಿ ಸಿಡಿಯುತ್ತದೆ.

ಇದರಿಂದ ಕಾಪಾಡುವುದು ಎರಡು: ಸರಿಯಾದ ಗಾಳಿ, ಪಕ್ಕೆಯ ಎತ್ತರ. 235/60 ಆರ್18 ಎಂಬ ಅಳತೆಯಲ್ಲಿ 235 ಎಂಬುದು ಮಿ.ಮೀ.ನಲ್ಲಿ ಅಗಲ, ಪಕ್ಕೆಯ ಎತ್ತರ ಅದರ ಶೇ 60, ಅಂದರೆ 141 ಮಿ.ಮೀ., ರಿಮ್ 18 ಇಂಚು. 235/65 ಆರ್17ರಲ್ಲಿ ಪಕ್ಕೆ ಸುಮಾರು 153 ಮಿ.ಮೀ. ಒಟ್ಟು ವ್ಯಾಸ ನೋಡಿದರೆ ಮೊದಲನೆಯದು 739, ಎರಡನೆಯದು 737. ಎರಡೂ ಒಂದೇ ಎತ್ತರ ಎನ್ನಬಹುದು, ಆದರೆ 17ರ ರಿಮ್ಮಿನಲ್ಲಿ ಗುಂಡಿಗೆ ಅಡ್ಡ ನಿಲ್ಲಲು 12 ಮಿ.ಮೀ. ಹೆಚ್ಚು ರಬ್ಬರ್ ಇದೆ. ಎಕ್ಸ್‌ಯುವಿ700 ಈ ಎರಡೂ ಅಳತೆಯಲ್ಲಿ ಬಂದಿದೆ. ರಿಮ್ ಪದೇಪದೇ ಬೆಂಡಾಗುತ್ತಿದ್ದರೆ, ಹೊಸ ರಿಮ್ ಬ್ರೇಕ್ ಕ್ಯಾಲಿಪರಿಗೆ (ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ) ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಂಡು 17ಕ್ಕೆ ಇಳಿಯುವುದು ಜಾಣತನ. ಕ್ರೆಟಾದಲ್ಲಿ ಈ ಲೆಕ್ಕ ಹೊಂದುವುದಿಲ್ಲ: 215/60 ಆರ್17ರಿಂದ 205/65 ಆರ್16ಕ್ಕೆ ಇಳಿದರೆ ಪಕ್ಕೆ ಹೆಚ್ಚುವುದು ಬರೀ 4 ಮಿ.ಮೀ., ಗಾಡಿ ಮಾತ್ರ 8 ಮಿ.ಮೀ.ಗಿಂತ ಹೆಚ್ಚು ತಗ್ಗುತ್ತದೆ. ಇದ್ದದ್ದರಲ್ಲೇ ಇರಿ.

ದೊಡ್ಡದು ಹಾಕಿಸುವ ಆಸೆ ಇರುವವರಿಗೆ: 215/60 ಆರ್17 ಬದಲು 215/65 ಆರ್17 ಹಾಕಿದರೆ ವ್ಯಾಸ ಶೇ 3ರಷ್ಟು ಏರುತ್ತದೆ. ಮೀಟರ್ 100 ತೋರಿಸುವಾಗ ಚಕ್ರ ಅದಕ್ಕಿಂತ ಶೇ 3 ವೇಗವಾಗಿ ಸಾಗಿರುತ್ತದೆ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿನ ಒಳಪದರಕ್ಕೆ ತಾಗಬಹುದು, ಗೇರಿನ ಮೇಲೂ ಭಾರ. ಕಂಪನಿ ಆ ಮಾದರಿಗೆ ಕೊಟ್ಟ ಅಳತೆಗಳ ಹೊರಗೆ ಹೋದರೆ ವಾರಂಟಿ, ವಿಮೆಯ ತಕರಾರು ಬೇರೆ.

ಅಳತೆಯ ನಂತರ ಬರುವ ಅಂಕಿ ಮತ್ತು ಅಕ್ಷರವನ್ನು ಹೆಚ್ಚಿನವರು ಓದುವುದೇ ಇಲ್ಲ. ಅದು ಭಾರದ ಸೂಚ್ಯಂಕ ಮತ್ತು ವೇಗದ ಅಕ್ಷರ. 96 ಎಂದರೆ ಒಂದು ಟೈರು ಹೊರಬಲ್ಲದ್ದು 710 ಕಿಲೋ, 100 ಎಂದರೆ 800, 104 ಎಂದರೆ 900, 108 ಎಂದರೆ 1000. ‘ಟಿ’ ಎಂದರೆ ಗಂಟೆಗೆ 190 ಕಿ.ಮೀ., ‘ಎಚ್’ ಎಂದರೆ 210. ಗಾಡಿಯ ಜೊತೆ ಬಂದ ಟೈರಿನ ಭಾರದ ಅಂಕಿಗಿಂತ ಕಡಿಮೆಯದನ್ನು ಎಂದೂ ಹಾಕಿಸಬೇಡಿ. ಏಳು ಜನ ಕೂತು, ಮೇಲೆ ಲಗೇಜ್ ಏರಿಸಿ ಧರ್ಮಸ್ಥಳಕ್ಕೆ ಹೊರಟ ಗಾಡಿಯಲ್ಲಿ ಅಗ್ಗದ ಕಡಿಮೆ ಸೂಚ್ಯಂಕದ ಟೈರು ಬಿಸಿಯಾಗಿ ಪದರ ಬಿಡುತ್ತದೆ. ಎಲೆಕ್ಟ್ರಿಕ್ ಎಸ್‌ಯುವಿಗೆ ಬ್ಯಾಟರಿಯ ತೂಕ ಸೇರುವುದರಿಂದ ಇದು ಇನ್ನೂ ಮುಖ್ಯ, ಮೊದಲು ‘ಎಕ್ಸ್‌ಎಲ್’ (ಹೆಚ್ಚು ಭಾರ ಹೊರುವ) ಟೈರ್ ಬಂದಿದ್ದರೆ ಈಗಲೂ ಅದನ್ನೇ ಕೇಳಿ.

ಅಳತೆಯ ಜೊತೆ ‘ಎಲ್‌ಟಿ’ ಎಂದಿರುವ ಎ.ಟಿ. ಟೈರುಗಳ ಬಗ್ಗೆ ಒಂದು ಎಚ್ಚರ. ಅವು ಸಣ್ಣ ಸರಕು ಗಾಡಿಗಳ ಲೆಕ್ಕದಲ್ಲಿ ಮಾಡಿದವು, ಪಕ್ಕೆ ದಪ್ಪ. ಅದೇ ಭಾರ ಹೊರಲು ಅವಕ್ಕೆ ಸಾಮಾನ್ಯ ಟೈರಿಗಿಂತ ಹೆಚ್ಚು ಗಾಳಿ ಬೇಕು. ಬಾಗಿಲ ಬಳಿಯ ಸ್ಟಿಕ್ಕರಿನಲ್ಲಿರುವಷ್ಟೇ ಹಾಕಿದರೆ ಒಳಗೊಳಗೇ ಬಿಸಿಯಾಗುತ್ತವೆ, ಹೆಚ್ಚು ಹಾಕಿದರೆ ಪ್ರತಿ ಹಂಪಿನಲ್ಲೂ ಬೆನ್ನಿಗೆ ಪೆಟ್ಟು. ನಗರದ ಗಾಡಿಗೆ ಎ.ಟಿ. ಬೇಕೆಂದರೂ ಎಲ್‌ಟಿ ಅಲ್ಲದ್ದನ್ನೇ ಆರಿಸಿ.

ಹಾಗಾದರೆ ಯಾರಿಗೆ ಯಾವುದು

ಮನೆ, ಆಫೀಸು, ಶಾಲೆ, ತಿಂಗಳಿಗೊಮ್ಮೆ ಮೈಸೂರೋ ಹಾಸನವೋ ಎನ್ನುವವರಿಗೆ ಯೋಚನೆಯೇ ಬೇಡ, ಒದ್ದೆ ಹಿಡಿತ ಚೆನ್ನಾಗಿರುವ ಎಚ್.ಟಿ. ಬೆಂಗಳೂರಿನ ಹತ್ತರಲ್ಲಿ ಒಂಬತ್ತು ಎಸ್‌ಯುವಿಗಳು ಇದೇ ಗುಂಪಿನವು ಎಂದು ಧೈರ್ಯವಾಗಿ ಹೇಳುತ್ತೇವೆ. ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳಿಗೂ ಇದೇ ಸರಿ. ಅವು ತಿರುವು ಹೆಚ್ಚಿರುವ, ಒದ್ದೆಯಾದ ಗಟ್ಟಿ ರಸ್ತೆಗಳು, ಅಲ್ಲಿ ಕೆಲಸಕ್ಕೆ ಬರುವುದು ಕಾಲುವೆ ಮತ್ತು ಪಟ್ಟಿ.

ತೋಟ ಇರುವವರು, ಪ್ರತಿ ವಾರ ಕಚ್ಚಾ ದಾರಿಯಲ್ಲಿ ಐದಾರು ಕಿ.ಮೀ. ಹೋಗಲೇಬೇಕಾದವರು ಎ.ಟಿ. ಹಾಕಿಸಲಿ. ಥಾರ್, ಜಿಮ್ನಿ, ಸ್ಕಾರ್ಪಿಯೊ-ಎನ್ ಫೋರ್ ಬೈ ಫೋರ್ ಇದ್ದರೆ ಅದು ಇನ್ನೂ ಒಪ್ಪುತ್ತದೆ. ಮುಂದಿನ ಎರಡೇ ಚಕ್ರ ಎಳೆಯುವ ಗಾಡಿಗೆ ಎ.ಟಿ. ಹಾಕಿದರೆ ಕಲ್ಲಿನ ಏಟು ತಡೆಯುತ್ತದೆ, ಆದರೆ ಆ ಗಾಡಿ ಫೋರ್ ಬೈ ಫೋರ್ ಆಗುವುದಿಲ್ಲ. ‘ನೋಡೋಕೆ ಚೆನ್ನಾಗಿದೆ’ ಎಂಬ ಒಂದೇ ಕಾರಣಕ್ಕೆ ಎ.ಟಿ. ಬೇಡ.

ಲಡಾಖ್, ಸ್ಪಿತಿ ಪ್ರವಾಸಕ್ಕಾಗಿ ಹಿಮದ ಟೈರ್ ಕೇಳುವವರಿಗೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪ್ರಯಾಣಕ್ಕೆ ಅರ್ಧಕ್ಕಿಂತ ಹೆಚ್ಚು ಟ್ರೆಡ್ ಉಳಿದ ಎಚ್.ಟಿ. ಸಾಕಾಗುತ್ತದೆ. ದಾರಿಯ ಬಹುಪಾಲು ಡಾಂಬರು, ಉಳಿದದ್ದು ಜಲ್ಲಿ ಮತ್ತು ಅಡ್ಡ ಹರಿಯುವ ನೀರು. ಕಲ್ಲಿನ ದಾರಿ ಹೆಚ್ಚಿರುವ ಸ್ಪಿತಿಗೆ ಎ.ಟಿ. ಇದ್ದರೆ ನೆಮ್ಮದಿ. ಚಳಿಗಾಲದಲ್ಲಿ ಹೋಗುವುದಾದರೆ ಮಾತು ಬೇರೆ. ಅಲ್ಲಿ ಹಿಮಹರಳಿನ ಗುರುತಿರುವ ಎ.ಟಿ. ಟೈರುಗಳು ಉಪಯೋಗಕ್ಕೆ ಬರುತ್ತವೆ. ಯೊಕೊಹಾಮಾ ಜಿಯೊಲ್ಯಾಂಡರ್ ಜಿ015, ಬಿಎಫ್ ಗುಡ್‌ರಿಚ್ ಕೆಒ2 ಹಲವು ಅಳತೆಗಳಲ್ಲಿ ಆ ಗುರುತಿನೊಂದಿಗೆ ಬಂದಿವೆ, ನಿಮ್ಮ ಅಳತೆಯ ಪಕ್ಕೆಯನ್ನು ನೋಡಿಯೇ ನಂಬಿ. ಆದರೆ ನೀರು ಹೆಪ್ಪುಗಟ್ಟಿ ಗಾಜಿನಂತಾದ ರಸ್ತೆಯಲ್ಲಿ ಅವೂ ಜಾರುತ್ತವೆ, ಅಲ್ಲಿ ಬೇಕಾದದ್ದು ಚೈನ್. ಚೈನನ್ನು ಎಳೆಯುವ ಚಕ್ರಗಳಿಗೆ ಹಾಕಬೇಕು, ಕ್ರೆಟಾದಂಥ ಗಾಡಿಗೆ ಮುಂದೆ. 40 ಕಿ.ಮೀ. ವೇಗ ಮೀರಬಾರದು, ಹಿಮ ಮುಗಿದ ಕೂಡಲೇ ಬಿಚ್ಚಬೇಕು. ಮೊದಲ ಸಲ ಕಟ್ಟುವುದನ್ನು ಮನೆಯ ಮುಂದೆಯೇ ಅಭ್ಯಾಸ ಮಾಡಿ, ಕೊರೆಯುವ ಬೆರಳಲ್ಲಿ ಕಲಿಯಲು ಆಗುವುದಿಲ್ಲ. ಒಂದು ವಾರದ ಚಳಿಗಾಲದ ಪ್ರವಾಸಕ್ಕೆ ಇಲ್ಲಿಂದ ಗಾಡಿ ತೆಗೆದುಕೊಂಡು ಹೋಗದೆ, ಅಲ್ಲಿನ ಚಾಲಕರ ಟ್ಯಾಕ್ಸಿ ಹಿಡಿಯುವುದೇ ಅಗ್ಗ, ಸುರಕ್ಷಿತ.

ಅಂಗಡಿಯಲ್ಲಿ

ಪಕ್ಕೆಯ ಮೇಲೆ ‘ಡಿಒಟಿ’ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಿಕೆಯ ವಾರ ಮತ್ತು ವರ್ಷ. 2325 ಎಂದರೆ 2025ರ 23ನೇ ವಾರ. ಆರು ತಿಂಗಳೊಳಗಿನದು ಸಿಕ್ಕರೆ ಒಳ್ಳೆಯದು, ವರ್ಷ ದಾಟಿದ್ದರೆ ದರ ಇಳಿಸಿ ಕೇಳಿ ಅಥವಾ ಬೇರೆ ತರಿಸಲು ಹೇಳಿ. ನಾಲ್ಕೂ ಟೈರುಗಳ ಅಂಕಿಯನ್ನು ನೋಡಿ, ಮೂರು ಹೊಸದರ ಜೊತೆ ಒಂದು ಹಳೆಯದು ಸೇರಿರಬಹುದು. ಕೆಲವು ಟೈರುಗಳಲ್ಲಿ ಈ ಅಂಕಿ ಒಂದೇ ಪಕ್ಕೆಯ ಮೇಲಿರುತ್ತದೆ, ಹಾಗಾಗಿ ರಿಮ್ಮಿಗೆ ಏರಿಸುವ ಮೊದಲೇ ನೋಡಬೇಕು. ಐಎಸ್‌ಐ ಗುರುತು ಕಡ್ಡಾಯ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಬಿಲ್ಲಿನಲ್ಲಿ 18 ಎಂದೇ ಇರಬೇಕು. ಬಿಲ್ ಇಲ್ಲದೆ ವಾರಂಟಿ ಕೇಳಲು ಬರುವುದಿಲ್ಲ, ‘ಬಿಲ್ ಬೇಡ ಅಂದ್ರೆ ಇನ್ನೂ ಕಡಿಮೆ’ ಎಂಬ ಮಾತಿಗೆ ಸೋಲಬೇಡಿ.

ನಾಲ್ಕಕ್ಕೆ ದುಡ್ಡು ಸಾಲದೆ ಎರಡೇ ಕೊಳ್ಳುವುದಾದರೆ ಹೊಸವನ್ನು ಹಿಂದಕ್ಕೆ ಹಾಕಿಸಿ. ಮುಂದಿನ ಚಕ್ರವೇ ಎಳೆಯುವ ಗಾಡಿಯಾದರೂ ಹಾಗೆಯೇ. ಮುಂದಿನ ಟೈರು ಜಾರಿದರೆ ವೇಗ ಇಳಿಸಿ ಸಂಭಾಳಿಸಬಹುದು, ಹಿಂದಿನದು ಜಾರಿದರೆ ಗಾಡಿ ಬುಗುರಿಯಂತೆ ಸುತ್ತುತ್ತದೆ. ಎಚ್.ಟಿ. ಎರಡು, ಎ.ಟಿ. ಎರಡು ಎಂಬ ಬೆರಕೆ ಯಾವ ಕಾರಣಕ್ಕೂ ಬೇಡ. ನಾಲ್ಕೂ ಚಕ್ರ ಎಳೆಯುವ ಗಾಡಿಗೆ ನಾಲ್ಕನ್ನೂ ಒಟ್ಟಿಗೇ ಬದಲಿಸಿ: ಸವೆದ ಟೈರು ಮತ್ತು ಹೊಸ ಟೈರಿನ ಸುತ್ತಳತೆ ಬೇರೆಯಾಗಿ, ಆ ವ್ಯತ್ಯಾಸವನ್ನು ನುಂಗಬೇಕಾದ, ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಮತ್ತು ಡಿಫರೆನ್ಷಿಯಲ್ ಬಿಸಿಯಾಗಿ ಹಾಳಾಗುತ್ತವೆ.

ಹಾಕಿಸುವಾಗ ಮುಂದೆಯೇ ನಿಂತಿರಿ. ರಬ್ಬರ್ ವಾಲ್ವ್ ಇದ್ದರೆ ಹೊಸದು ಹಾಕಿಸಿ, ಗಾಳಿಯ ಸೆನ್ಸರ್ ಇರುವ ರಿಮ್ಮಾದರೆ ಯಂತ್ರದ ತೋಳು ಅದಕ್ಕೆ ತಾಗದಂತೆ ಮೊದಲೇ ಹೇಳಿ. ಪಕ್ಕೆಯ ಮೇಲೆ ತಿರುಗುವ ದಿಕ್ಕಿನ ಬಾಣವೋ, ‘ಹೊರಬದಿ’ ಎಂಬ ಅರ್ಥದ ಬರಹವೋ ಇದ್ದರೆ ಅದರಂತೆಯೇ ಕೂರಬೇಕು. ಆಮೇಲೆ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್, ಪ್ರಿಂಟ್ ಕೈಗೆ ತೆಗೆದುಕೊಳ್ಳಿ. ನಟ್ಟುಗಳನ್ನು ಗಾಳಿಯ ಗನ್ನಿನಲ್ಲಿ ಬಿಗಿದು ಅಲ್ಲಿಗೇ ಬಿಟ್ಟರೆ ಮುಂದೊಂದು ದಿನ ಪಂಚರಾದಾಗ ನಿಮ್ಮ ಕೈಯಲ್ಲಿ ಬಿಚ್ಚಲಾಗುವುದಿಲ್ಲ. ಕೊನೆಯ ಬಿಗಿತ ಟಾರ್ಕ್ ರೆಂಚಿನಲ್ಲಿ, ಕೈಪಿಡಿಯಲ್ಲಿ ಹೇಳಿದಷ್ಟೇ ಆಗಬೇಕು. ಹ್ಯುಂಡೈ, ಕಿಯಾ ಗಾಡಿಗಳಿಗೆ ಅದು 107ರಿಂದ 127 ನ್ಯೂಟನ್ ಮೀಟರ್. ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿತ ನೋಡಿಸಿ.

ಹೊಸ ಟೈರಿನ ಮೇಲ್ಮೈಯಲ್ಲಿ ಅಚ್ಚಿನಿಂದ ಬಿಡಿಸಲು ಬಳಸಿದ ಜಾರುಪದರ ಉಳಿದಿರುತ್ತದೆ. ಮೊದಲ 300 ಕಿ.ಮೀ. ಜೋರು ಬ್ರೇಕ್, ಜೋರು ತಿರುವು ಬೇಡ, ಮಳೆಯಲ್ಲಂತೂ ಇನ್ನೂ ನಿಧಾನ. ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮೊದಲು ನೋಡಿ. ಉಷ್ಣಾಂಶ ಐದಾರು ಡಿಗ್ರಿ ಏರಿದರೆ ಒತ್ತಡ ಒಂದು ಪಿಎಸ್‌ಐ ಏರುತ್ತದೆ, ಮಧ್ಯಾಹ್ನ ಓಡಿ ಬಿಸಿಯಾದ ಟೈರಿನಲ್ಲಿ 33 ತೋರಿಸಿದರೆ ನಿಜವಾಗಿ ಕಡಿಮೆ ಇದೆ ಎಂದರ್ಥ. ಪ್ರತಿ 8,000ದಿಂದ 10,000 ಕಿ.ಮೀ.ಗೆ ಹಿಂದುಮುಂದು ಬದಲಿಸಿ. ರಿಂಗ್ ರೋಡಿನಲ್ಲಿ ಮೊಳೆ ಚುಚ್ಚಿದರೆ, ತೂತು ಟ್ರೆಡ್ಡಿನಲ್ಲಿದ್ದು 6 ಮಿ.ಮೀ.ಗಿಂತ ಚಿಕ್ಕದಾಗಿದ್ದರೆ ರಿಪೇರಿಯಾಗುತ್ತದೆ. ಹೊರಗಿನಿಂದ ಚುಚ್ಚುವ ಸ್ಟ್ರಿಪ್ ಮನೆ ಮುಟ್ಟಲು ಸಾಕು, ಆಮೇಲೆ ಟೈರ್ ಬಿಚ್ಚಿಸಿ ಒಳಗಿನಿಂದ ಮಶ್ರೂಮ್ ಪ್ಯಾಚ್ (ಅಣಬೆಯಾಕಾರದ, ತೂತನ್ನೂ ತುಂಬುವ ಪ್ಯಾಚ್) ಹಾಕಿಸಿ. ಭುಜದಲ್ಲೋ ಪಕ್ಕೆಯಲ್ಲೋ ಚುಚ್ಚಿದ್ದರೆ ಟೈರನ್ನೇ ಬದಲಿಸಬೇಕು.

ಹಳೆಯ ನಾಲ್ಕರಲ್ಲಿ ಉಬ್ಬು, ಬಿರುಕು ಇಲ್ಲದ, ಟ್ರೆಡ್ ಹೆಚ್ಚು ಉಳಿದಿರುವ ಒಂದನ್ನು ಅಂಗಡಿಯಲ್ಲಿ ಬಿಟ್ಟು ಬರುವ ಮೊದಲು ಸ್ಟೆಪ್ನಿಯ ತಯಾರಿಕೆಯ ವರ್ಷ ನೋಡಿ. ಡಿಕ್ಕಿಯ ಕೆಳಗೆ ಹತ್ತು ವರ್ಷ ಕೂತ ಸ್ಟೆಪ್ನಿ ಟ್ರೆಡ್ ತುಂಬಿದ್ದರೂ ಒಣಗಿ ಹೋಗಿರುತ್ತದೆ. ಅಳತೆ ಹೊಂದುವುದಾದರೆ ಆ ಹಳೆಯ ಟೈರನ್ನೇ ಸ್ಟೆಪ್ನಿ ರಿಮ್ಮಿಗೆ ಹಾಕಿಸಿ, ಬಾಗಿಲ ಸ್ಟಿಕ್ಕರಿನಲ್ಲಿರುವುದಕ್ಕಿಂತ ಮೂರ್ನಾಲ್ಕು ಪಿಎಸ್‌ಐ ಹೆಚ್ಚು ಗಾಳಿ ತುಂಬಿಸಿಡಿ. ಆರು ತಿಂಗಳು ಯಾರೂ ಅದನ್ನು ಮುಟ್ಟಿ ನೋಡುವುದಿಲ್ಲ.